ಕಳೆದುಹೋದವರ ಕೌಂಟರಿನಲ್ಲೊಂದು ಒಡಪು

ಮಂಜುಳಾ: ಅಮ್ಮಾ, ಹೆಸರೇ ಹೇಳದೆ ಇದ್ರೆ ನಾನು ಮೈಕಲ್ಲಿ ಯಾರನ್ನ ಅಂತ ಕೂಗ್ಲಿ?

ರೇವವ್ವ: ನಮ್ಮ ಮನೀಯವರನ್ನ ಕೂಗ್ರಿ.

ಮಂಜುಳಾ: ಅದೇ, ಅವರ ಹೆಸರೇನು ಅಂತ ಕೇಳ್ತಾ ಇದೀನಿ.

ರೇವವ್ವ: ಕೇಳ್ರಿ. ಕೇಳೂದು ನಿಮ್ಮ ಕೆಲಸ. ಹೇಳೂದು ನನ್ನ ಕಡಿಂದ ಆಗಂಗಿಲ್ಲ.

(ಬೆಂಗಳೂರಿನ ಹೊರಗಿರುವ ದೊಡ್ಡ ಥೀಮ್ ಪಾರ್ಕ್ ರಿಸಾರ್ಟು. ಐಸ್‌ಕ್ರೀಮ್ ಅಂಗಡಿಗೂ ದೆವ್ವದ ಮನೆಗೂ ನಡುವೆ ಕಳೆದುಹೋದವರ ಕೌಂಟರು. ಕೌಂಟರಿನ ಒಳಗೆ ಮಂಜುಳಾ, ಮಂಡ್ಯದ ಹುಡುಗಿ. ಹೊರಗೆ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದು ನಿಂತಿರುವ ರೇವವ್ವ, ಕುಂದಗೋಳ ತಾಲೂಕಿನ ಸಂಶಿಯವರು. ಅವರ ಮಗ ಪ್ರಭುವಿಗೆ ಸಂಶಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಈ ಸಲ ಮಾರಾಟ ಚೆನ್ನಾಗಿ ಆಯಿತೆಂದು ಬೀಜದ ಕಂಪನಿ ಇಡೀ ಮನೆಗೇ ಮೂರು ದಿನದ ಹಡಗಿನ ಟೂರು ಮಾಡಿಸಿತು. ಅದು ಮುಗಿದು, ಪಾರ್ಕಿನಲ್ಲಿ ಇದು ಮೊದಲ ದಿನ. ಮೊದಲ ದಿನವೇ ಯಜಮಾನರು ಕಾಣೆ.)

ಮಂಜುಳಾ: ಫೋನ್ ಮಾಡಿ ನೋಡಿದ್ರಾ?

ರೇವವ್ವ: ಮಾಡೀನ್ರಿ. ನನ್ನ ಚೀಲದಾಗ ಹೊಡಕೊಳ್ಳಾಕತ್ತು. ಫೋನ್ ನನ್ನ ಕೈಯಾಗ ಕೊಟ್ಟ ಹೋಗ್ಯಾರ.

ಮಂಜುಳಾ: ಮಗನಿಗೆ?

ರೇವವ್ವ: ಮಗಾ-ಸೊಸಿ ನೀರಾಗ ಅದಾರ. ಅವರ ಫೋನು ಕಪಾಟಿನಾಗ ಅದಾವ.

ಮಂಜುಳಾ: ಸರಿ, ರೂಮು ಯಾರ ಹೆಸರಲ್ಲಿದೆ?

ರೇವವ್ವ: ಕಂಪನಿ ಹೆಸರಿನ್ಯಾಗ.

(ಮಂಜುಳಾಗೆ ಬೇರೆಯೇ ಅನುಮಾನ ಬಂತು. ವಯಸ್ಸಾದವರು, ಬಿಸಿಲು ಬೇರೆ. ನೀರಿನ ಬಾಟಲಿ ಕೊಟ್ಟು, ದನಿ ತಗ್ಗಿಸಿದಳು.)

ಮಂಜುಳಾ: ಗಾಬರಿ ಆಗ್ಬೇಡಿ. ನಿಮ್ಮ ಹೆಸರು ನೆನಪಿದ್ಯಾ?

ರೇವವ್ವ: ರೇವವ್ವ.

ಮಂಜುಳಾ: ಇವತ್ತು ಯಾವ ವಾರ?

ರೇವವ್ವ: ಸೋಮವಾರ. ಒಪ್ಪತ್ತ ಅದೀನಿ.

ಮಂಜುಳಾ: ಯಜಮಾನ್ರ ಹೆಸರು?

ರೇವವ್ವ: ಹಿಂಗ ನಡುವ ಸಿಗಸಿದ್ರ ಹೇಳ್ತೀನಿ ಅಂತ ಮಾಡಿ ಏನವಾ? ನಲವತ್ತ ವರ್ಷ ಬಾಳೇವು ಮಾಡೀನಿ, ಗಂಡನ ಹೆಸರ ಮರೀತೈತೇನು? ಗಂಡನ ಹೆಸರ ಅಂದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ.

ಮಂಜುಳಾ: ಅಯ್ಯೋ, ನಾನು ನಮ್ಮವರನ್ನ ದಿನಾ ಹೆಸರು ಹಿಡಿದೇ ಕರೀತೀನಮ್ಮ.

ರೇವವ್ವ: ಹೌದಾ? ಹೆಂಗದಾರ ಈಗ ಅವರು?

ಮಂಜುಳಾ: ಚೆನ್ನಾಗಿದಾರೆ.

ರೇವವ್ವ: ಯಾವುದಕ್ಕೂ ಒಂದ್ ಫೋನ್ ಹಚ್ಚಿ ನೋಡ್ರಿ.

(ಮಂಜುಳಾಳ ಕೈ ತನ್ನಷ್ಟಕ್ಕೇ ಫೋನಿನ ಕಡೆ ಹೋಗಿ, ನಾಚಿಕೊಂಡು ಹಿಂದಕ್ಕೆ ಬಂತು.)

ಮಂಜುಳಾ: ಬಾಯಲ್ಲಿ ಬೇಡ. ಸುಳಿವು ಕೊಡಿ, ನಾನೇ ಕಂಡುಹಿಡೀತೀನಿ.

ರೇವವ್ವ: ಹಾಂ, ಇದು ಚಲೋ ಆತು. ಶಿವನ ಜಡಿಯಿಂದ ಹುಟ್ಟಿದ ದೇವರು ಯಾರು ಹೇಳ್ರಿ?

ಮಂಜುಳಾ: ಗಂಗಾಧರ?

ರೇವವ್ವ: ಗಂಗಿ ಜಡಿಯೊಳಗ ಕುಂತಾಕಿ. ನಾ ಹೇಳೂದು ಸಿಟ್ಟಿಲೆ ಹುಟ್ಟಿದಾಂವಂದು. ಕೈಯಾಗ ಕತ್ತಿ.

ಮಂಜುಳಾ: ಮುನೇಶ್ವರ? ಮುನಿಯಪ್ಪ?

ರೇವವ್ವ: ನಿಮ್ಮ ಸಾಲ್ಯಾಗ ಏನ್ ಕಲಸ್ತಾರವಾ?

ಮಂಜುಳಾ: ನಂಜುಂಡಪ್ಪ? ಚೌಡಯ್ಯ? ಕೆಂಪೇಗೌಡ?

ರೇವವ್ವ: ಸಾಕ್ ಬಿಡ್ರಿ. ಇನ್ನ ಸ್ವಲ್ಪ ತಡದ್ರ ಇಡೀ ಮೈಸೂರ ಸೀಮೀನ ನನ್ನ ಕೊಳ್ಳಿಗೆ ಕಟ್ಟತೀರಿ.

ಮಂಜುಳಾ: ಹೆಸರು ಬಿಡಿ ಹಾಗಾದ್ರೆ. ಏನು ಹಾಕ್ಕೊಂಡಿದಾರೆ ಹೇಳಿ.

(ರೇವವ್ವ ಆ ಕಡೆ ಈ ಕಡೆ ನೋಡಿದರು. ಊರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.)

ರೇವವ್ವ: ತಲೀಮ್ಯಾಗ ಬಿಳಿ ಟೊಪ್ಪಿಗಿ. ಕೆಳಗ... ಹೂವಿನ ಚಡ್ಡಿ. ಧೋತರ ಉಟಗೊಂಡು ನೀರಿಗಿಳಿಯಾಕ ಬಿಡಂಗಿಲ್ಲ ಅಂತ ನಿಮ್ಮವರ ಕೊಟ್ಟಿದ್ದು.

(ಮಂಜುಳಾಗೆ ಅಷ್ಟು ಸಾಕಾಯಿತು. ಮೈಕಿನ ಗುಂಡಿ ಒತ್ತಿದಳು: "ಬಿಳಿ ಟೋಪಿ ಮತ್ತು ಹೂವಿನ ಚಡ್ಡಿ ಧರಿಸಿರುವ ಹಿರಿಯರು ದಯವಿಟ್ಟು ಕೌಂಟರಿಗೆ ಬನ್ನಿ." ಪಾರ್ಕಿನವರು ಆ ದಿನ ಟಿಕೆಟ್ಟಿನ ಜೊತೆ ಬಿಳಿ ಟೋಪಿ ಪುಕ್ಕಟೆ ಕೊಟ್ಟಿದ್ದರು, ಚಡ್ಡಿಯಂತೂ ಎಲ್ಲರಿಗೂ ಅದೇ ಹೂವು. ಸ್ವಲ್ಪ ಹೊತ್ತಿಗೆ ಕೌಂಟರಿನ ಮುಂದೆ ಒದ್ದೆ ಮುದುಕರ ಸಾಲು ನಿಂತಿತು.)

ಮಂಜುಳಾ: ಇವರಲ್ಲಿ ಯಾರಮ್ಮ ನಿಮ್ಮವರು?

ರೇವವ್ವ: (ಸೆರಗು ಮುಖಕ್ಕೆ ಎಳೆದು) ಯಾರೂ ಅಲ್ಲವಾ! ಕಳಸ್ರಿ ಅವರನ್ನ. ನಾಕ ಮಂದ್ಯಾಗ ಹಿಂಗ ಸಾಲ ಹಚ್ಚಿ ಗಂಡನ್ನ ಆರಸ್ಕೋ ಅಂತೀರಲ್ಲ!

(ಮುದುಕರು ಗೊಣಗುತ್ತಾ ಹೋದರು. ಒಬ್ಬಾತ ಮಾತ್ರ ಐಸ್‌ಕ್ರೀಮ್ ಏನಾದರೂ ಕೊಡುತ್ತೀರಾ ಎಂದು ಕೇಳಿಯೇ ಹೋದ.)

ಮಂಜುಳಾ: ಇನ್ನೊಂದು ದಾರಿ ಇದೆ. "ರೇವವ್ವನವರ ಯಜಮಾನರು" ಅಂತ ಕೂಗ್ತೀನಿ.

ರೇವವ್ವ: ಕೂಗಿದ್ರೂ ಬರಂಗಿಲ್ಲ. ಅವರೇನು ದಾರಿ ತಪ್ಪಿಲ್ಲ. ಸಿಟ್ಟ ಮಾಡಿ ಹೋಗ್ಯಾರ.

ಮಂಜುಳಾ: ಕಳೆದುಹೋಗಿಲ್ವಾ? ಮತ್ತೆ ಇಷ್ಟೊತ್ತು...

ರೇವವ್ವ: ಹಡಗಿನ್ಯಾಗಿಂದ ನಡದೈತ್ರಿ ಇದು. ಕಡೀ ದಿನ ರಾತ್ರಿ ಗಂಡ-ಹೆಂಡರದೊಂದ ಆಟ ಇಟ್ಟಿದ್ರು. ಹೆಂಡರು ಮೈಕಿನ್ಯಾಗ ಗಂಡನ ಹೆಸರ ಹೇಳಬೇಕು. ನವಲಗುಂದದ ಸುವರ್ಣಾ ಟಕ್ ಅಂತ ಒಡಪ ಹಾಕಿ ಗಂಡನ ಹೆಸರ ಹೇಳಿ ಕುಕ್ಕರ ಗೆದ್ದಳು. ನನ್ನ ಕೈಯಾಗ ಮೈಕ್ ಬಂತು ನೋಡ್ರಿ, ಮುಂದ ಮುಂಬೈ ಮಂದಿ, ಅಗದಿ ಬಾಯಿ ಕಟ್ಟಿಬಿಡ್ತು.

ಮಂಜುಳಾ: ಒಡಪು ಅಂದ್ರೆ?

ರೇವವ್ವ: ಬರೇ ಹೆಸರ ಹೇಳಬಾರದ್ರಿ. ಒಂದ ಚಂದನ ಮಾತಿನ್ಯಾಗ ಮುಚ್ಚಿ ಹೇಳಿದ್ರ ದೋಷ ಇಲ್ಲ. ಲಗ್ನದಾಗ, ಬಸರಿ ಹೆಣಮಕ್ಕಳ ಕುಬಸದಾಗ ಹೇಳಸ್ತಾರ. ನಾ ಲಗ್ನದಾಗೂ ನಾಚಿ ಓಡಿಹೋಗಿದ್ದೆ. ಹಡಗಿನ್ಯಾಗೂ ಹಂಗ ಆತು. ಅವತ್ತಿಂದ ಅವರದು ಒಂದ ಮಾತು: "ನನ್ನ ಹೆಸರ ನಿನ್ನ ಬಾಯಾಗ ಬರೂಮಟ ನಾ ತಿರಗಿ ನೋಡಂಗಿಲ್ಲ." ಇವತ್ತ ಊಟಾನೂ ಬಿಟ್ಟು ಊರಿಗೆ ಹೊಕ್ಕೀನಿ ಅಂತ ಹ್ವಾದ್ರು. ನಿಮ್ಮ ಬಸ್ಸು ಸ್ಟೇಷನ್ನಿಗೆ ಎಷ್ಟಕ್ಕೈತಿ?

ಮಂಜುಳಾ: ನಾಲ್ಕಕ್ಕೆ. ಇನ್ನೇನು ಹೊರಡುತ್ತೆ!

ರೇವವ್ವ: ಅಯ್ಯ ಶಿವನ! ಆ ಚಡ್ಡೀಮ್ಯಾಲೇನ ಹತ್ತತಾರ್ರಿ ಅವರು! ಟೊಪ್ಪಿಗಿ ಮಡಿಕ್ಯಾಗ ಯಾವಾಗಲೂ ಒಂದ ನೋಟ ಇಟ್ಟಿರತಾರ. ಸಿಟ್ಟ ಬಂದ್ರ ಹಿಂದಮುಂದ ನೋಡಂಗಿಲ್ಲ. ನಾಳೆ ಮುಂಜಾನಿ ಹೂವಿನ ಚಡ್ಡಿ ಹಾಕ್ಕೊಂಡು ಸಂಶಿ ಸ್ಟ್ಯಾಂಡಿನ್ಯಾಗ ಇಳದ್ರ ನಮ್ಮ ಮನೆತನದ ಗತಿ ಏನು!

(ಅಷ್ಟು ಹೇಳುವಾಗ ನಗು ಬರಬೇಕಿತ್ತು. ರೇವವ್ವನ ಕಣ್ಣಲ್ಲಿ ನೀರು ಬಂತು. ಚಡ್ಡಿಯದು ನೆಪ ಎಂದು ಮಂಜುಳಾಗೂ ತಿಳಿಯಿತು.)

ರೇವವ್ವ: ಸಕ್ಕರಿ ಕಾಯಿಲಿ ಐತ್ರಿ ಅವರಿಗೆ. ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ. ಒಬ್ಬರ ರೈಲಿನ್ಯಾಗ ಹೆಂಗ ಹೊಕ್ಕಾರ?

ಮಂಜುಳಾ: (ಮೈಕನ್ನು ಅವರ ಕಡೆ ತಿರುಗಿಸಿ) ಹಾಗಾದ್ರೆ ನೀವೇ ಹೇಳ್ಬೇಕು ಅಮ್ಮ. ನಾನು ನೂರು ಸಲ ಕೂಗಿದ್ರೂ ಪ್ರಯೋಜನ ಇಲ್ಲ.

ರೇವವ್ವ: ಇಷ್ಟ ಮಂದ್ಯಾಗ?

ಮಂಜುಳಾ: ಮಂದಿ ಯಾರೂ ಕಾಣಲ್ಲ. ಇದೊಂದು ಮೈಕು, ನಾನೊಬ್ಬಳು. ಬೇಕಾದ್ರೆ ನಾನೂ ಆ ಕಡೆ ತಿರುಗ್ತೀನಿ.

(ಅವಳು ನಿಜವಾಗಿಯೂ ಗೋಡೆಯ ಕಡೆ ತಿರುಗಿ ನಿಂತಳು. ರೇವವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಮೈಕಿಗೆ ಒಂದು ನಮಸ್ಕಾರ ಹಾಕಿದರು. ಮರುಗಳಿಗೆಗೆ ಇಡೀ ಪಾರ್ಕಿಗೆ ಅವರ ದನಿ ಕೇಳಿತು.)

ರೇವವ್ವ: ಕಡಲಾಗ ಹಡಗ, ಹಡಗಿನಾಗ ದೀಪ,
ಈರಪ್ಪನವರ ಮೂಗಿನ ತುದೀಮ್ಯಾಲ ಕೋಪ!

(ಶಿವನ ಜಡೆಯಿಂದ ಹುಟ್ಟಿದ ವೀರಭದ್ರನೇ ಈ ಈರಪ್ಪ ಎಂದು ಮಂಜುಳಾಗೆ ಆಗ ಹೊಳೆಯಿತು. ಆಮೇಲೆ ನೀರಿನ ಕೊಳದ ಕಡೆಯಿಂದ ಯಾರೋ ಜೋರಾಗಿ ಸೀಟಿ ಹೊಡೆದರು. ರೇವವ್ವನಿಗೆ ಧೈರ್ಯ ಬಂತು. ಬಂದ ಧೈರ್ಯ ನಿಲ್ಲಲಿಲ್ಲ.)

ರೇವವ್ವ: ಕೇಳಿತಿಲ್ರಿ? ಹೇಳೀನಲ್ಲ ಈಗ? ಬಸ್ ಹತ್ತಬ್ಯಾಡ್ರಿ! ಸಕ್ಕರಿ ಗುಳಿಗಿ ನನ್ನ ಚೀಲದಾಗ ಐತಿ! ಧೋತರಾನೂ ನನ್ನ ಕಡೇನ ಐತಿ!

ಮಂಜುಳಾ: (ಓಡಿಬಂದು ಮೈಕ್ ಆರಿಸಿ) ಅಮ್ಮಾ, ಸಾಕು ಸಾಕು!

(ಬಸ್ಸಿನ ಕಡೆಯಿಂದ ಒಬ್ಬರು ಬಂದರು. ತಲೆಯ ಮೇಲೆ ನೆಟ್ಟಗಿನ ಗಾಂಧಿ ಟೊಪ್ಪಿಗೆ, ಸೊಂಟಕ್ಕೆ ಹಳದಿ ದಾಸವಾಳದ ಚಡ್ಡಿ, ಮುಖದಲ್ಲಿ ದೇಸಾಯರ ಗತ್ತು. ದಾರಿಯುದ್ದಕ್ಕೂ ಜನ "ಈರಪ್ಪನವ್ರೇ, ಗುಳಿಗೆ ತಗೊಳ್ಳಿ" ಎಂದು ಪ್ರೀತಿಯಿಂದ ಹೇಳುತ್ತಿದ್ದರು.)

ಈರಪ್ಪ: ಏನಲೇ ಅದು ಗದ್ದಲ? ನನಗೇನೂ ಸರಿಯಾಗಿ ಕೇಳಸಲಿಲ್ಲ. ಇನ್ನೊಮ್ಮೆ ಹೇಳ.

ರೇವವ್ವ: ಕೇಳಸ್ದ ಹೆಂಗ ಬಂದ್ರಿ?

ಈರಪ್ಪ: ಬಸ್ಸಿನ್ಯಾಗ ಜಾಗಾ ಇರಲಿಲ್ಲ.

(ಬಸ್ಸು ಅವರ ಹಿಂದೆಯೇ ಖಾಲಿ ಹೊರಟುಹೋಯಿತು. ಅದನ್ನು ಮೂವರೂ ನೋಡಿದರು.)

ಮಂಜುಳಾ: ಅಜ್ಜಾ, ಕಳೆದುಹೋದವರನ್ನ ಹಾಗೇ ಕಳಿಸೋಕ್ಕಾಗಲ್ಲ. ಕರ್ಕೊಂಡು ಹೋಗೋರು ಯಾರು ಅಂತ ನೀವು ಹೇಳ್ಬೇಕು. ಇವರ ಹೆಸರೇನು?

ಈರಪ್ಪ: ಇಕಿ... ನಮ್ಮ ಮನೀಯಾಕಿ.

ಮಂಜುಳಾ: ಹೆಸರು?

ಈರಪ್ಪ: ಪ್ರಭುನ ಅವ್ವ.

ಮಂಜುಳಾ: ಹೆಸರು, ಅಜ್ಜಾ!

ಈರಪ್ಪ: (ಟೊಪ್ಪಿಗೆ ತೆಗೆದು ತಲೆ ಕೆರೆದು) ಅಕೀನ್ನ ಸ್ವಲ್ಪ ಅತ್ತಾಗ ಕಳಸ್ರಿ, ನಿಮ್ಮ ಕಿವ್ಯಾಗ ಹೇಳ್ತೀನಿ.

ರೇವವ್ವ: ಅಬ್ಬಬ್ಬಾ! ಹಡಗಿನ್ಯಾಗಿಂದ ನನ್ನ ಜೀವಾ ತಿಂದ್ರಿ! ಹೆಣಮಗಳು ನಾ ಊರಿಗೆಲ್ಲಾ ಕೇಳೂಹಂಗ ಹೇಳೀನಿ, ನಿಮಗ ಕಿವಿ ಬೇಕಾ?

ಈರಪ್ಪ: ಅಂಜಿಕಿಲ್ಲಲೇ ನನಗ! ನೀ ಹಡಗಿನ್ಯಾಗ ಹೇಳಿದ್ರ ಮರುಮಾತಿಗೆ ನಾನೂ ಒಂದ ಒಡಪ ಹೇಳಾಂವಿದ್ದೆ. ಭಾಳ ಚಂದ ಇತ್ತು. ಜಳಕದ ಖೋಲ್ಯಾಗ ನಿಂತು ಬಾಯಿಪಾಠ ಮಾಡಿದ್ದೆ. ನೀನ ಬಾಯಿ ಬಿಡಲಿಲ್ಲ. ನಂದು ಹೊಟ್ಟ್ಯಾಗ ಉಳೀತು.

(ರೇವವ್ವ ಇದನ್ನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆಂದು ಎತ್ತಿದ ಕೈಯನ್ನು ಕೆಳಗಿಳಿಸಿದರು.)

ರೇವವ್ವ: ...ಜಳಕದ ಖೋಲ್ಯಾಗ ಗುಣುಗುಣು ಅಂದಿದ್ದು ಅದಾ? ನಾ ಮಂತ್ರ ಅಂತ ಮಾಡಿದ್ದೆ.

ಮಂಜುಳಾ: ಅಜ್ಜಾ, ಮೈಕ್ ಇಲ್ಲಿದೆ.

(ಈರಪ್ಪ ಟೊಪ್ಪಿಗೆ ಹಾಕಿಕೊಂಡು, ಎದೆಯುಬ್ಬಿಸಿ, ಮೈಕಿನ ಮುಂದೆ ನಿಂತರು. ಪಾರ್ಕಿನ ಮೂಲೆಮೂಲೆಗೂ ಅವರ ಕೆಮ್ಮು ಕೇಳಿತು.)

ಈರಪ್ಪ: ರೇವವ್ವ...

(ಎಲ್ಲರೂ ಕಾದರು.)

ಈರಪ್ಪ: ರೇವವ್ವ... ಅದ, ರೇವವ್ವ... (ಬೆವರು ಒರೆಸಿಕೊಂಡು) ಏ, ಮುಂದಿಂದೆಲ್ಲಾ ಮರತೆನಲೇ!

ರೇವವ್ವ: (ಚೀಲದಿಂದ ಧೋತರ ತೆಗೆದು ಅವರ ಹೆಗಲಿಗೆ ಹಾಕಿ) ಹೆಸರಾದ್ರೂ ನೆನಪೈತಲ್ಲ, ಅಷ್ಟ ಸಾಕು. ಬರ್ರಿ, ಉಣ್ಣಾಕ ಹೋಗೂಣು.