ನೈಟಿ ಅಂಗಡಿ ಮುಂದಿನ ಕಂಬ

ದುರ್ಗವ್ವ: ಇವತ್ತೂ ಇಲ್ಲೇ ನಿಂತೀರಿ ನೋಡ್ರಿ! ಇಡೀ ಪೀಣ್ಯದಾಗ ನಿಮಗ ನಿಂದ್ರಾಕ ಬೇರೆ ಜಾಗ ಸಿಗಲಿಲ್ಲೇನು?

ಕೊಟ್ರಪ್ಪ: ಹಗೂರಕ ಮಾತಾಡು. ಮಂದಿ ನೋಡ್ತಾರ.

ದುರ್ಗವ್ವ: ನನ್ನ ಯಾಕ ನೋಡ್ತಾರ? ನಿಮ್ಮನ್ನ ನೋಡಾಕತ್ತಾರ. ಮೀಸಿ ಬೆಳ್ಳಗಾದ ಗಂಡಸು ದಿನಾ ಸಂಜಿಗೆ ನೈಟಿ ಅಂಗಡಿ ಮುಂದ ನಿಂದ್ರತಾನಂತ ಪಕ್ಕದ ಮನಿ ಗೌರಮ್ಮ ಹೇಳಿದ್ಳು. ನಾನು ನಂಬಿರಲಿಲ್ಲ.

(ಗಂಡ ಹೆಂಡತಿ ಕೂಡ್ಲಿಗಿ ಕಡೆಯವರು. ಅವನಿಗೆ ಲೇತ್ ಕಾರ್ಖಾನೆಯಲ್ಲಿ ಕೆಲಸ, ಅವಳಿಗೆ ಗಾರ್ಮೆಂಟ್ಸ್‌ನಲ್ಲಿ. ಸಂಜೆ ಬಸ್ ಸ್ಟಾಪಿನಿಂದ ಬಾಡಿಗೆ ಮನೆಗೆ ಇಬ್ಬರೂ ಜೊತೆಯಾಗಿ ನಡೆದು ಹೋಗುತ್ತಿದ್ದರು. ಈಚೆಗೆ ಅವನು ‘ನೀ ಮುಂದ ಹೋಗು, ನಾ ಬರ್ತೀನಿ’ ಎಂದು ಹಿಂದೆ ಉಳಿಯತೊಡಗಿದ್ದ. ಇವತ್ತು ಅವಳು ಅರ್ಧ ದಾರಿಯಿಂದ ತಿರುಗಿ ಬಂದಿದ್ದಾಳೆ. ಅಂಗಡಿಯ ಬಾಗಿಲಲ್ಲಿ ಹೂವಿನ ನೈಟಿಗಳು ಸಾಲಾಗಿ ತೂಗುತ್ತಿವೆ. ಎದುರಿನ ಕರೆಂಟ್ ಕಂಬಕ್ಕೆ ಕೈ ಕೊಟ್ಟು ಕೊಟ್ರಪ್ಪ ನಿಂತಿದ್ದಾನೆ.)

ಕೊಟ್ರಪ್ಪ: ರೇಟ್ ನೋಡಾಕತ್ತಿದ್ದೆ. ನಿನಗೊಂದು ತರೋಣ ಅಂತ.

ದುರ್ಗವ್ವ: ಒಂದು ತಿಂಗಳಿಂದ ನೋಡಾಕತ್ತೀರಿ! ರೇಟ್ ದಿನಾ ಬದಲಾಗಾಕ ಇದೇನು ಬಂಗಾರಾನ?

ಕೊಟ್ರಪ್ಪ: ಬಣ್ಣ ಆರಿಸಬೇಕಲ್ಲ?

ದುರ್ಗವ್ವ: ಹಂಗಾರ ತಿರುಗಿ ನೋಡದ ಹೇಳ್ರಿ. ಯಾವ ಯಾವ ಬಣ್ಣ ಅದಾವ ಅಲ್ಲಿ?

ಕೊಟ್ರಪ್ಪ: ಅದು... ಹಸಿರು?

ದುರ್ಗವ್ವ: ಹಸಿರು ಒಂದೂ ಇಲ್ಲ! ಅಂದ್ರ ನೀವು ನೈಟಿ ನೋಡಾಕ ನಿಂತವರಲ್ಲ. ಒಳಗಿನ ಹುಡುಗೀನ ನೋಡಾಕ ನಿಂತವರು!

(ಗಲಾಟೆ ಕೇಳಿ ಅಂಗಡಿಯ ಶೀತಲ್ ಹೊರಗೆ ಬಂದಳು.)

ಶೀತಲ್: ಬನ್ನಿ ಅಕ್ಕ, ಒಳಗೆ ಬನ್ನಿ. ಈ ಅಣ್ಣ ನಂಗೆ ಚೆನ್ನಾಗಿ ಗೊತ್ತು.

ದುರ್ಗವ್ವ: ಕೇಳಿದ್ರೇನು? ಚೆನ್ನಾಗಿ ಗೊತ್ತಂತ!

ಕೊಟ್ರಪ್ಪ: ತಂಗಿ, ನೀ ನನ್ನ ಉಳಿಸಾಕ ಬಂದೀಯೋ, ಮುಗಿಸಾಕ ಬಂದೀಯೋ?

ಶೀತಲ್: ಅಯ್ಯೋ, ತಪ್ಪು ತಿಳ್ಕೋಬೇಡಿ ಅಕ್ಕ. ಅಣ್ಣ ಈ ಕಡೆ ತಿರುಗಿ ಸಹ ನೋಡಲ್ಲ. ಕಂಬ ಹಿಡ್ಕೊಂಡು, ಕಣ್ಣು ಮುಚ್ಕೊಂಡು ನಿಂತಿರ್ತಾರೆ.

ದುರ್ಗವ್ವ: ಕಣ್ಣು ಮುಚ್ಚಿ? ಧ್ಯಾನಕ್ಕ ನೈಟಿ ಅಂಗಡೀನ ಬೇಕಾತೇನು?

ಶೀತಲ್: ಧ್ಯಾನ ಅಲ್ಲ ಅಕ್ಕ. ಕಾಲು ಹಿಸುಕ್ಕೋತಿರ್ತಾರೆ. ಸ್ವಲ್ಪ ಹೊತ್ತಾದ್ಮೇಲೆ ಸರಿಹೋಗಿ ಹೊರಟ್ಬಿಡ್ತಾರೆ.

(ಶೀತಲ್ ಒಂದು ಸ್ಟೂಲ್ ತಂದಿಟ್ಟಳು.)

ದುರ್ಗವ್ವ: ಖರೇನೇನ್ರಿ?

ಕೊಟ್ರಪ್ಪ: ಎಡಗಾಲಿನ ಮೀನಖಂಡ ಹಿಡಕೊಂತೈತಿ. ಇಲ್ಲಿತನ ನಡದ್ರ ಸಾಕು, ಹಗ್ಗ ಬಿಗಿದಂಗ ಆಗತೈತಿ. ನಿಂತ್ರ ಬಿಡತೈತಿ. ಮತ್ತ ನಡದ್ರ ಮತ್ತ ಹಿಡೀತೈತಿ.

ದುರ್ಗವ್ವ: ಹೇಳಾಕ ಬಾಯಿ ಇರಲಿಲ್ಲೇನು?

ಕೊಟ್ರಪ್ಪ: ಹೇಳಿದ್ರ ದವಾಖಾನಿಗೆ ಎಳಕೊಂಡು ಹೋಗ್ತಿ. ಅವರು ಬೀಡಿ ಬಿಡು ಅಂತಾರ.

ದುರ್ಗವ್ವ: ಅಂದ್ರ ಬೀಡಿ ಉಳಿಸಾಕ ಮಾನ ಬಿಟ್ರಿ! ಕುಂದ್ರಿ. ಬೂಟು ತಗೀರಿ.

(ಅವಳು ಎರಡೂ ಪಾದಗಳನ್ನು ಮುಟ್ಟಿ ನೋಡಿದಳು. ಮತ್ತೊಮ್ಮೆ ಮುಟ್ಟಿದಳು.)

ದುರ್ಗವ್ವ: ಬಲಗಾಲು ಬೆಚ್ಚಗ ಐತಿ. ಎಡಗಾಲು ನಲ್ಲಿ ನೀರಿನಂಗ ತಣ್ಣಗ ಐತಿ! ಈ ಕಾಲಿನ ಕೂದಲಾ ಉದುರ್ಯಾವ. ಈ ಬೆರಳಿನ ಗಾಯ ದಸರಾದಾಗ ಬೂಟು ಕಚ್ಚಿದ್ದಲ್ಲೇನು? ದೀಪಾವಳಿ ಹೋತು, ಇನ್ನೂ ಮಾಯ್ದಿಲ್ಲ!

ಕೊಟ್ರಪ್ಪ: ಅದು ಹಂಗ ಮಾಯತೈತಿ ಬಿಡು.

ದುರ್ಗವ್ವ: ಏಳ್ರಿ ಮ್ಯಾಲೆ.

(ಹತ್ತಿರದ ಕ್ಲಿನಿಕ್. ಡಾಕ್ಟರ್ ಭಾನುಪ್ರಕಾಶ್ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಬಿಪಿ ಪಟ್ಟಿಯನ್ನು ತೋಳಿಗೆ ಕಟ್ಟಿ ನೋಡಿ, ಆಮೇಲೆ ಕಾಲಿನ ಗಿಣ್ಣಿನ ಹತ್ತಿರ ಕಟ್ಟಿದರು.)

ದುರ್ಗವ್ವ: ಡಾಕ್ಟ್ರೇ, ಕಾಲಿಗೂ ಬಿಪಿ ಬರತೈತೇನ್ರಿ?

ಡಾಕ್ಟರ್: ಕೈಗೂ ಕಾಲಿಗೂ ಹೋಲಿಸಿ ನೋಡ್ಬೇಕಮ್ಮ. ಇವರಿಗೆ ಕಾಲಲ್ಲಿ ಕಮ್ಮಿ ಇದೆ. ರಕ್ತ ತಗೊಂಡು ಹೋಗೋ ನಾಳ ಒಳಗಡೆ ಕಿರಿದಾಗಿದೆ ಅನ್ಸುತ್ತೆ. ಸುಮ್ನೆ ನಿಂತಾಗ ಇರೋ ರಕ್ತ ಸಾಕಾಗುತ್ತೆ, ನಡೆದಾಗ ಸಾಲಲ್ಲ. ಅದಕ್ಕೇ ನೋವು. ಬೀಡಿ ಸೇದ್ತೀರಾ?

ಕೊಟ್ರಪ್ಪ: ಅಪರೂಪಕ್ಕ ರೀ.

ದುರ್ಗವ್ವ: ಅಪರೂಪಕ್ಕ ಬಿಡ್ತಾರ್ರಿ.

ಡಾಕ್ಟರ್: ಇವತ್ತಿಗೆ ಅದು ಮುಗೀತು. ಬೀಡಿ ನಾಳ ಮುಚ್ತಾ ಹೋದ್ರೆ ನನ್ನ ಮಾತ್ರೆ ಏನು ಮಾಡುತ್ತೆ?

(ಕೊಟ್ರಪ್ಪ ಅಂಗಿ ಜೇಬು ಮುಟ್ಟಿಕೊಂಡ. ದುರ್ಗವ್ವ ಜೇಬಿಗೇ ಕೈ ಹಾಕಿ ಬೀಡಿ ಕಟ್ಟು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.)

ದುರ್ಗವ್ವ: ಇಟ್ಟಿಗಿ ಬಿಸಿ ಮಾಡಿ ಕಾಲಿಗೆ ಕಾವು ಕೊಡ್ಲೇನ್ರಿ?

ಡಾಕ್ಟರ್: ಬೇಡವೇ ಬೇಡ. ರಕ್ತ ಕಮ್ಮಿ ಇರೋ ಕಾಲು, ಸುಟ್ರೆ ಮಾಯೋದು ಕಷ್ಟ. ಸ್ಕ್ಯಾನು, ಸಕ್ಕರೆ ಪರೀಕ್ಷೆ ಬರೆದಿದ್ದೀನಿ, ನಾಳೆನೇ ಮಾಡಿಸಿ. ಗಾಯಕ್ಕೆ ಡ್ರೆಸ್ಸಿಂಗ್ ತಪ್ಪಿಸಬೇಡಿ. ಮಲಗಿದಾಗಲೂ ನೋವು ಬಂದ್ರೆ, ಬೆರಳು ಕಪ್ಪಾದ್ರೆ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಓಡಬೇಕು. ತಡ ಮಾಡಿದ್ರೆ ಕಾಲು ಉಳಿಯಲ್ಲ.

(ದುರ್ಗವ್ವ ಗಂಡನ ತೋಳು ಹಿಡಿದುಕೊಂಡಳು.)

ಡಾಕ್ಟರ್: ಹೆದರಬೇಡಿ, ಬೇಗ ಬಂದಿದ್ದೀರಿ. ಗಾಯ ಮಾಯ್ದ ಮೇಲೆ ದಿನಾ ನಡೀಬೇಕು.

ಕೊಟ್ರಪ್ಪ: ನಡದ್ರ ನೋವು ಅಂತ ಬಂದ್ರ, ನಡಿ ಅಂತೀರಲ್ರಿ!

ಡಾಕ್ಟರ್: ಅದೇ ಔಷಧ. ನೋವು ಜೋರಾಗೋವರೆಗೆ ನಡೀರಿ. ನಿಂತ್ಕೊಳ್ಳಿ. ಹೋದ್ಮೇಲೆ ಮತ್ತೆ ನಡೀರಿ. ಬರ್ತಾ ಬರ್ತಾ ನಡೆಯೋ ದೂರ ಜಾಸ್ತಿ ಆಗುತ್ತೆ.

ಕೊಟ್ರಪ್ಪ: ಕೇಳಿದೇನು? ನಿಂದ್ರಬೇಕಂತ. ಡಾಕ್ಟ್ರೇ ಹೇಳ್ಯಾರ.

ದುರ್ಗವ್ವ: ನಿಂದ್ರಿ. ಮುಖ ಮಾತ್ರ ರಸ್ತೆ ಕಡೆ.

(ಯುಗಾದಿಯ ಹಿಂದುಮುಂದಿನ ಒಂದು ಸಂಜೆ. ಗಾಯ ಮಾಯ್ದಿದೆ. ಬೀಡಿ ಹೋಗಿ ಜೇಬಿಗೆ ಹುರಿದ ಶೇಂಗಾ ಬಂದಿದೆ. ಇಬ್ಬರೂ ಮೊದಲಿನಂತೆ ಜೊತೆಯಾಗಿ ನಡೆಯುತ್ತಿದ್ದಾರೆ. ಕಂಬ ಬಂತು, ಕೊಟ್ರಪ್ಪ ನಿಲ್ಲಲಿಲ್ಲ.)

ಶೀತಲ್: ಅಣ್ಣ, ಈಗ ನಿಲ್ಲೋದೇ ಇಲ್ಲ! ಹೊಸ ಸ್ಟಾಕ್ ಬಂದಿದೆ, ಹಸಿರು ಬಣ್ಣದ್ದು!

ದುರ್ಗವ್ವ: ನಾಳೆ ನಾನೊಬ್ಬಾಕೀನ ಬರ್ತೀನಿ ತಂಗಿ!

(ಟೈರ್ ಅಂಗಡಿ ದಾಟಿತು, ಬೇಕರಿ ದಾಟಿತು. ಸ್ವಲ್ಪ ಮುಂದೆ ಕೊಟ್ರಪ್ಪನ ಹೆಜ್ಜೆ ನಿಧಾನವಾಯಿತು.)

ದುರ್ಗವ್ವ: ಹಿಡೀತೇನ್ರಿ?

ಕೊಟ್ರಪ್ಪ: ಹೂಂ, ಈಗ ಸ್ವಲ್ಪ...

(ಅವನು ತಲೆ ಎತ್ತಿದ. ಎದುರಿಗೆ ಗಾಜಿನ ಹಿಂದೆ ಸರಗಳು, ಬಳೆಗಳು ಥಳಥಳ ಹೊಳೆಯುತ್ತಿದ್ದವು. ಬಂಗಾರದ ಅಂಗಡಿ.)

ಕೊಟ್ರಪ್ಪ: ...ಇಲ್ಲ! ಏನೂ ಇಲ್ಲ!

ದುರ್ಗವ್ವ: ಡಾಕ್ಟ್ರು ಹೇಳ್ಯಾರ, ನೋವು ಬಂದಲ್ಲಿ ನಿಂದ್ರಬೇಕು. ಒಳಗ ಕುರ್ಚಿ ಅದಾವ, ಏಸಿ ಐತಿ. ಕುಂದ್ರೋಣ ಬರ್ರಿ. ರೇಟ್ ನೋಡೋಣಂತ.

ಕೊಟ್ರಪ್ಪ: ನೋವು ಇಲ್ಲ ಅಂದೆನಲ್ಲ? ಮನಿತನ ಹಿಂಗ ಹೋಗ್ತೀನಿ ನೋಡು!

(ಹಲ್ಲು ಕಚ್ಚಿಕೊಂಡು, ಕುಂಟುತ್ತಲೇ ಬಿರಬಿರನೆ ಹೊರಟ.)

ದುರ್ಗವ್ವ: ಅಯ್ಯ, ನಿಂದ್ರಿ ಮಾರಾಯರ! ಅವತ್ತು ನೋವು ಮುಚ್ಚಾಕ ನಿಂತ್ರಿ, ಇವತ್ತು ನೋವು ಮುಚ್ಚಾಕ ಓಡಾಕತ್ತೀರಿ!