ಕಾಕಾ ತೂಕ ಇಳಿಸಿದ ಬಗೆ

ನಮ್ಮ ಕಾಕಾನಷ್ಟು ಶ್ರದ್ಧೆಯಿಂದ ತೂಕ ಇಳಿಸಲು ಒದ್ದಾಡಿದವರನ್ನು ನಾನು ಕಂಡಿಲ್ಲ. ಅಷ್ಟು ಒದ್ದಾಡಿಯೂ ಅವರಷ್ಟು ದುಂಡಗೆ ಉಳಿದವರನ್ನಂತೂ ಕಂಡೇ ಇಲ್ಲ! ಇದು ಹೇಗೆ ಸಾಧ್ಯ ಎಂದು ನಾನು ತಲೆ ಕೆಡಿಸಿಕೊಂಡದ್ದು ಅಷ್ಟಿಷ್ಟಲ್ಲ.

ಕಾಕಾ ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯವರು. ಕಾರ್ಖಾನೆಯ ನೌಕರಿಯಿಂದ ನಿವೃತ್ತರಾಗಿ ಕಾಕಿಯೊಂದಿಗೆ ಠಾಣೆಯ ಹತ್ತಿರದ ಐರೋಲಿಯ ಫ್ಲ್ಯಾಟಿನಲ್ಲಿದ್ದಾರೆ. ನಾನು ಠಾಣೆಯ ಕೋಪರಿಯವಳು, ರವಿವಾರ ಬಂತೆಂದರೆ ಅಲ್ಲಿಂದ ಲೋಕಲ್ ರೈಲು ಹಿಡಿದು ಅವರ ಮನೆಗೆ ಊಟಕ್ಕೆ ಹೋಗುವುದು ರೂಢಿ. ಹಾಗೆ ಹೋದಾಗ ಒಮ್ಮೆ ತಾಟಿನಲ್ಲಿ ಅನ್ನವೇ ಇರಲಿಲ್ಲ.

"ನಾ ತೂಕ ಇಳಸಾಕ ಹತ್ತೀನಿ," ಎಂದರು ಕಾಕಾ. "ಡಾಕ್ಟರ್ ಬ್ಯಾಡ, ಜಿಮ್ ಬ್ಯಾಡ. ಎಲ್ಲಾ ನಂದ ತಲಿ."

"ತಲಿ ಅವರದು, ಹೊಟ್ಟಿ ನಂದು," ಎಂದರು ಕಾಕಿ. ಅವರ ತಾಟಿನಲ್ಲೂ ಅನ್ನವಿರಲಿಲ್ಲ. ಒಬ್ಬರೇ ಪಥ್ಯ ಮಾಡಿದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲವೆಂದು ಕಾಕಾ ಹಟ ಹಿಡಿದಿದ್ದರಂತೆ.

ಮುಂದಿನ ರವಿವಾರ ಅನ್ನ ಬಂದಿತ್ತು, ರೊಟ್ಟಿ ಹೋಗಿತ್ತು. ಆಮೇಲೊಂದು ವಾರ ಎರಡೂ ಇದ್ದವು, ಆದರೆ ರಾತ್ರಿಯೂಟ ಹೊತ್ತು ಮುಳುಗುವ ಮೊದಲೇ ಆಗಬೇಕು! ಮಧ್ಯಾಹ್ನದ ಊಟ ಇನ್ನೂ ಕರಗಿರಲಿಲ್ಲ, ಕಾಕಿ ಮತ್ತೆ ತಾಟು ಇಟ್ಟರು. ಹೀಗೆ ಉಂಡರೆ ತೂಕ ಇಳಿಯುತ್ತದೋ ಏರುತ್ತದೋ?

"ನಾವೇನ್ ಮಾಡಾಕತ್ತೀವಿ ಅಂತ ದೇಹಕ್ಕ ತಿಳೀಬಾರದವಾ," ಎಂದರು ಕಾಕಾ.

ದೇಹದ ಮಾತಿರಲಿ, ಯಾರಿಗೂ ತಿಳಿಯಲಿಲ್ಲ.

ನಂತರ ವ್ಯಾಯಾಮ. ಸೊಸೈಟಿಯ ಅಂಗಳದಲ್ಲಿ ಕಾಕಾ ಹಿಂದಕ್ಕೆ ನಡೆಯತೊಡಗಿದರು. ಯಾಕೆ ಹಿಂದಕ್ಕೆ? "ಮುಂದ ನಡಕೋತ ಬೆಳಸಿದ ಹೊಟ್ಟಿ, ಹಿಂದ ನಡದರ ಹೋಗಬೇಕಲ್ಲ." ಮೊದಲ ದಿನವೇ ತರಕಾರಿ ತರುತ್ತಿದ್ದ ಸೆಕ್ರೆಟರಿಗೆ ಡಿಕ್ಕಿ ಹೊಡೆದರು. "ಕಾಕಾ, ರಿವರ್ಸ್ ಮೇ ಹಾರ್ನ್ ತೋ ಬಜಾವೋ," ಎಂದು ಆತ ಟೊಮೆಟೊ ಹೆಕ್ಕಿಕೊಂಡ. ಅಂದಿನಿಂದ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿ ಹೇಳಲು, ಕಾಕಿಯೂ ಅವರಿಗೆ ಎದುರಾಗಿ ನಡೆಯಬೇಕಾಯಿತು.

ತಿಂಗಳುಗಳು ಕಳೆದವು. ಕಾಕಿಯ ಕುಪ್ಪಸಗಳು ಸಡಿಲಾದವು. ಕಾಕಾ ಮಾತ್ರ ಇದ್ದ ಹಾಗೇ ಇದ್ದರು. ಒಂದೇ ಅಡುಗೆ, ಒಂದೇ ನಡಿಗೆ. ಇಳಿಯುವುದು ಒಬ್ಬರೇ ಅಂದರೆ ಹೇಗೆ?

ಒಂದು ರವಿವಾರ ಬೇಗನೆ ಹೊರಟು ಐರೋಲಿ ಸ್ಟೇಷನ್ನಿನ ಹೊರಗೆ ಬಂದರೆ, ವಡಾ ಪಾವ್ ಗಾಡಿಯ ಮುಂದೆ ಕಾಕಾ! ಬಾಯ್ತುಂಬ ಪಾವ್, ಕೈಯಲ್ಲಿ ಇನ್ನೊಂದು.

"ಕಾಕಾ, ಇದ್ಯಾವ ಪಥ್ಯ?"

ಅವರು ನಿಧಾನವಾಗಿ ನುಂಗಿ ಬಾಯಿ ಒರೆಸಿಕೊಂಡರು. "ನಾ ಸಣ್ಣಾದ್ನಂದ್ರ ಆಕಿ, 'ಆತಲ್ಲ, ಸಾಕು' ಅಂತ ಮತ್ತ ಮನ್ಯಾಗ ಕೂಡ್ತಾಳ."

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದರು. ಹಿಂದೊಮ್ಮೆ ಠಾಣೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಕಾಕಿಗೆ ಏದುಸಿರು ಬಂದು ನಡುಮೆಟ್ಟಿಲಲ್ಲೇ ಕೂತುಬಿಟ್ಟಿದ್ದರಂತೆ. ಹಿಂದಿನ ಜನ ಅವರ ಮೈ ನೋಡಿ ಏನೇನೋ ಅಂದರು, ಕೆಲವರು ನಕ್ಕರು. ಆಮೇಲೆ ಕಾಕಿ ಹೊಸಿಲು ದಾಟಲಿಲ್ಲ. ಕಲ್ಯಾಣದಲ್ಲಿ ಸ್ವಂತ ತಂಗಿಯ ಮಗಳ ನಿಶ್ಚಯವಿದ್ದರೂ ಮೊಣಕಾಲು ನೋವೆಂದು ಉಳಿದುಬಿಟ್ಟರು.

"ನೀ ತೂಕ ಇಳಸು ಅಂತ ಆಕಿಗೆ ನಾ ಹ್ಯಾಂಗ ಅನ್ಲಿ? ಮಂದಿ ಅಂದದ್ದ ಸಾಕಾಗಿತ್ತು. ಅದಕ್ಕ, ನಂದ ಇಳಸಬೇಕಾಗೇದ ಅಂದೆ."

ಕೈಯಲ್ಲಿದ್ದ ವಡಾ ಪಾವ್ ಅನ್ನು ಅವರು ಅರ್ಧ ಮುರಿದು ನನಗೆ ಕೊಟ್ಟರು.

ಕಾಕಿಗೆ ನಾನು ಏನೂ ಹೇಳಲಿಲ್ಲ. ಸಂಜೆ ಮೂವರೂ ಖಾಡಿಯ ಹಿನ್ನೀರಿನ ಕಡೆ ನಡೆಯಲು ಹೋದೆವು. ಕಾಕಾ ನಮ್ಮ ಹಿಂದೆ ಬರುತ್ತಿದ್ದರು, ಕಾಕಿಯ ಹೆಜ್ಜೆಗೆ ನನ್ನ ಹೆಜ್ಜೆ ಸಾಲುತ್ತಿರಲಿಲ್ಲ.

"ನಿಮ್ಮ ಕಾಕಾಂದು ತೂಕ ಇಳಿಯೂತನಾ ನಾ ಬಿಡಾಂಗಿಲ್ಲ ನೋಡು," ಎಂದರು, ಸೆರಗು ಬಿಗಿದುಕೊಳ್ಳುತ್ತ.

ಕಾಕಾಗೆ ಕೇಳಿಸಿರಬೇಕು. ಕೇಳಿಸದವರಂತೆ, ಇನ್ನೂ ಒಂದಿಷ್ಟು ಹಿಂದೆ ಉಳಿದರು.