ಕೆಡವಿದ ಮೇಲೆ ನಾಲ್ಕು ಸೆಕೆಂಡು

ನಮ್ಮ ತಂಗಿಗೆ ಸಂಬಳ ಕೊಡುತ್ತಿದ್ದದ್ದು ಎದುರಿಗೆ ಬಂದವರನ್ನು ಕೆಡವುವುದಕ್ಕೆ! ನಗಬೇಡಿ, ಖರೇನೇ ಹೇಳುತ್ತಿದ್ದೇನೆ. ಆಗ ಹೈದರಾಬಾದಿನಲ್ಲಿ ಮನೆಗೊಬ್ಬರು ಸಾಫ್ಟ್‌ವೇರಿನವರು. ಒಬ್ಬರು ಬ್ಯಾಂಕಿಗೆ ಪ್ರೋಗ್ರಾಂ ಬರೆದರೆ ಇನ್ನೊಬ್ಬರು ವಿಮಾನದ ಟಿಕೆಟ್ಟಿಗೆ ಬರೆಯುತ್ತಿದ್ದರು. ಇವಳು ಹೋಗಿ ಸೇರಿದ್ದು ವಿಡಿಯೋ ಗೇಮ್ ಕಂಪನಿ. ಹತ್ತಂತಸ್ತಿನ ಕಟ್ಟಡದಷ್ಟು ಎತ್ತರದ ರೋಬೋಟುಗಳು ಹೊಡೆದಾಡುತ್ತವಲ್ಲ, ಅವು ಎಷ್ಟು ಪೆಟ್ಟಿಗೆ ಬೀಳಬೇಕು, ಹೇಗೆ ಬೀಳಬೇಕು, ಬಿದ್ದದ್ದು ಹೇಗೆ ಏಳಬೇಕು ಎಂದು ಗೊತ್ತುಮಾಡುವುದು ಅವಳ ಕೆಲಸ. ಇದಕ್ಕೊಂದು ಕುರ್ಚಿ, ಎ.ಸಿ., ಕೊರಳಿಗೊಂದು ಐಡಿ ಕಾರ್ಡು ಬೇರೆ!

ಅವಳನ್ನು ನೋಡಲು ಬಂದ ವರನ ತಾಯಿ, "ಏನ್ ಕೆಲಸ ಮಾಡ್ತೀಯವಾ?" ಎಂದು ಕೇಳಿದರು.

"ಕೆಡವ್ತೀನ್ರಿ."

"ಯಾರನ್ನ?"

"ಯಾರ್ ಮೈಮ್ಯಾಲೆ ಬರ್ತಾರೋ ಅವರನ್ನ್ರಿ."

ಆ ತಾಯಿ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಶುರುವಿನಲ್ಲಿ ಅವಳ ರೋಬೋಟು ಕಡಿದ ಮರದ ಹಾಗೆ ನೆಟ್ಟಗೆ ಬೀಳುತ್ತಿತ್ತಂತೆ. "ತೂಕ ಇದ್ದವ್ರು ಹಂಗ ಬೀಳಂಗಿಲ್ಲ" ಎಂದವಳೇ ಒಂದು ಭಾನುವಾರ ನಾರಾಯಣಗೂಡದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಗಾದಿ ಹಾಸಿದಳು. ಮನೆಯಲ್ಲಿ ತೂಕ ಇದ್ದಾವ ಯಾರು? ನಾನೇ! ಅವಳು ದಬ್ಬುವುದು, ನಾನು ಬೀಳುವುದು, ಅವಳು ಬರೆದುಕೊಳ್ಳುವುದು. "ಮೊದ್ಲ ಮೊಣಕಾಲು, ಆಮ್ಯಾಲೆ ಟೊಂಕ, ಕಡೀಕ ಭುಜ... ಅಣ್ಣಾ, ಭಾಳ ಚಂದ ಬಿದ್ದಿ! ಇನ್ನೊಮ್ಮೆ!" ಹದಿನಾಲ್ಕು ಸಲ ಬಿದ್ದೆ ಸ್ವಾಮಿ.

ಆಮೇಲೆ ಅಪ್ಪನ ಪಾಳಿ. "ಒಂದ ಸಲ ಬೀಳ್ರಿ ಅಪ್ಪಾ."

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಮೂವತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡೀನಿ, ಯಾವ ಸಾಹೇಬನ ಕಾಲಿಗೂ ಬಿದ್ದಿಲ್ಲ. ಈಗ ನಿನ್ನ ಗಾದಿ ಮ್ಯಾಲೆ ಬೀಳ್ಲೇನು?"

ಇಷ್ಟೇ ಆಗಿದ್ದರೆ ಹುಚ್ಚು ಎಂದು ಸುಮ್ಮನಿರಬಹುದಿತ್ತು. ಆದರೆ ಅವಳು ಒಂದು ನಿಯಮ ಮಾಡಿದ್ದಳು. ಬಿದ್ದ ರೋಬೋಟು ಎದ್ದು ನಿಲ್ಲುವ ತನಕ, ಪೂರಾ ನಾಲ್ಕು ಸೆಕೆಂಡು, ಯಾರ ಪೆಟ್ಟೂ ಅದಕ್ಕೆ ತಾಗಬಾರದು. ಅವಳ ಮ್ಯಾನೇಜರು ಒಪ್ಪಲಿಲ್ಲ. ಆಡುವ ಹುಡುಗರಿಗೆ ಬಿದ್ದವನನ್ನು ತುಳಿಯುವುದೇ ಮಜಾ, ಅದನ್ನು ತೆಗೆದುಬಿಡು ಎಂದನಂತೆ. ಇವಳು ಸಿಟ್ಟಿನಿಂದ, "ಅದನ್ನ ತೆಗಿಯೋದಾದ್ರ ನನ್ನೂ ತೆಗೀರಿ" ಎಂದು ಹೇಳಿ ಮನೆಗೆ ಬಂದುಬಿಟ್ಟಳು! ನಾಲ್ಕು ಸೆಕೆಂಡಿಗಾಗಿ ಯಾರಾದರೂ ಕೈಯಲ್ಲಿದ್ದ ನೌಕರಿ ಬಿಡುತ್ತಾರೆಯೇ? ಅವ್ವ ಸುಲ್ತಾನ್ ಬಜಾರಿನಲ್ಲಿ ಸೀರೆಗೆ ಚೌಕಾಸಿ ಮಾಡಿದ ಹಾಗೆ, "ಎರಡು ಸೆಕೆಂಡಿಗೆ ಒಪ್ಕೋ ನಮ್ಮವ್ವಾ, ನಡೂಕ ಮುಗಿಸು" ಎಂದು ಗೋಗರೆದಳು. ಇವಳು ಜಪ್ಪಯ್ಯ ಅನ್ನಲಿಲ್ಲ.

ಕಡೆಗೆ ಮ್ಯಾನೇಜರೇ ಇವಳನ್ನು ವಾಪಸು ಕರೆದು, ಹೊರಗಿನ ಹುಡುಗರನ್ನು ಕರೆಸಿ ಆಡಿಸಿ ನೋಡೋಣ ಎಂದ. ಮೊದಲು ಅವಳ ನಿಯಮ ತೆಗೆದು ಆಡಿಸಿದರು. ಒಮ್ಮೆ ಬಿದ್ದ ರೋಬೋಟು ಮತ್ತೆ ಏಳಲೇ ಇಲ್ಲ. ಸೋತವರು ಬೇಜಾರಾಗಿ ಬಿರಿಯಾನಿ ತಿನ್ನಲು ಎದ್ದುಹೋದರು. ಆಮೇಲೆ ನಾಲ್ಕು ಸೆಕೆಂಡು ಸೇರಿಸಿದರು. ಬಿದ್ದವರು ಎದ್ದರು, ಎದ್ದವರು ಕೆಡವಿದರು, ಒಬ್ಬನೂ ಕುರ್ಚಿ ಬಿಡಲಿಲ್ಲ! ತಂಗಿ ಆಫೀಸಿನಿಂದ ಫೋನು ಮಾಡಿ, "ಅಣ್ಣಾ, ನನ್ನ ನಾಕ ಸೆಕೆಂಡು ಉಳೀತು!" ಎಂದು ಕಿರುಚಿದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ, ಅವರಿಗೆ ಏನೂ ತಿಳಿಯಲಿಲ್ಲ.

ಗೇಮು ಹೊರಬಂದ ಮೇಲೆ ಅದನ್ನು ಟಿವಿಗೆ ಜೋಡಿಸಿ ಅಪ್ಪನನ್ನು ಕೂರಿಸಿದಳು. ಎದುರಾಳಿ ನಾನು. ಮೂರನೇ ಪೆಟ್ಟಿಗೇ ಅಪ್ಪನ ರೋಬೋಟು ಮಕಾಡೆ ಬಿತ್ತು. ನಾನು ಬಿಟ್ಟೇನೇ? ಬಿದ್ದಲ್ಲೇ ಬಾರಿಸಿದೆ. ಒಂದೂ ತಾಗಲಿಲ್ಲ. ಅಪ್ಪನ ರೋಬೋಟು ನಿಧಾನಕ್ಕೆ ಮೊಣಕಾಲೂರಿ ಎದ್ದು ನಿಂತಿತು.

"ಇದು ನಾಕ ಸೆಕೆಂಡು ಯಾಕವಾ?" ಅಪ್ಪ ಕೇಳಿದರು.

ತಂಗಿ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ನಾ ಇಂಜಿನಿಯರಿಂಗ್ ಮೊದಲ ವರ್ಷ ಫೇಲಾದಾಗ ನೀವು ನಾಕ ದಿನ ರಜಾ ಹಾಕಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತಿದ್ರಲ್ರಿ ಅಪ್ಪಾ. ಚುಚ್ಚಿ ಮಾತಾಡಾಕ ಬಂದ ಒಬ್ಬರನ್ನೂ ಒಳಗ ಬಿಡಲಿಲ್ಲ."

ಆ ನಾಲ್ಕು ದಿನ ಅಪ್ಪ ಆರಾಮಾಗಿ ಪೇಪರು ಓದುತ್ತ ಕೂತಿದ್ದರು ಎಂದೇ ನಾನು ತಿಳಿದಿದ್ದೆ. ಅಪ್ಪ ಗುಂಡಿ ಒತ್ತುವುದನ್ನು ನಿಲ್ಲಿಸಿದರು.

"ಪೇಪರ್ ಕೈಯಾಗ ಹಿಡಕೊಂಡಿದ್ದೆ, ಒಂದಕ್ಷರ ಓದಿಲ್ಲವಾ. ಒಳಗ ನೀ ಮತ್ತ ಏಳ್ತೀಯೋ ಇಲ್ಲೋ ಅಂತ ಭಾಳ ಹೆದರಿದ್ದೆ."